ಕತ್ತಿ, ಕೋಟೆ, ಕುದುರೆ ಇರೋ ಗೇಮ್ ಶುರು ಮಾಡ್ತೀರಾ? ಯಾವ್ದು ತಗೋಬೇಕು ಅನ್ನೋಕೆ ಪುಣೆಯಿಂದ ಒಂದು ಲೆಕ್ಕ

ಪುಣೆಲಿ ನಮ್ಮ ಕಡೆ ಹುಡುಗ್ರು ನಾಲ್ಕು ಜನ ಸೇರಿದ್ರೆ ಮೊದ್ಲು ಬಾಡಿಗೆ ಮಾತು, ಆಮೇಲೆ ಹಿಂಜವಡಿ ಟ್ರಾಫಿಕ್, ಆಮೇಲೆ ಊರಿಗೆ ಯಾವ ಬಸ್ಸು, ಅದು ಮುಗಿದ್ಮೇಲೆ ಗೇಮ್. ಯಾರಾದ್ರೂ ಹೊಸಬ "ಅಣ್ಣಾ, ರಾಜ್ಯ ಕಟ್ಟಿ ಯುದ್ಧ ಮಾಡೋ ಗೇಮ್ ಒಂದು ಹೇಳು" ಅಂದ್ರೆ ಸಾಕು, ಪ್ರತಿಯೊಬ್ರೂ ತಾವು ಆಡೋ ಗೇಮ್ ಹೆಸರು ಹೇಳಿ ಕೈ ತೊಳ್ಕೋತಾರೆ. ಪಾಪ ಅವ್ನು ದುಡ್ಡು ಕೊಟ್ಟು ತಗೊಂಡು ಒಂದು ವಾರ ಆಡಿ ತಲೆಕೆಟ್ಟು ಬಿಡ್ತಾನೆ, ಈ ಥರ ಗೇಮ್ ನಂಗಲ್ಲ ಅಂತಾನೆ. ಗೇಮ್ ಚೆನ್ನಾಗಿಲ್ಲ ಅಂತಲ್ಲ, ಅವನ ದಿನಚರಿಗೆ ಅದು ಹೊಂದಲ್ಲ ಅಷ್ಟೇ.

ಹಾಗಾಗಿ ನಾನು ಯಾರಾದ್ರೂ ಕೇಳಿದ್ರೆ ಗ್ರಾಫಿಕ್ಸ್ ಬಗ್ಗೆ, ರೇಟಿಂಗ್ ಬಗ್ಗೆ ಮಾತೇ ಎತ್ತಲ್ಲ. ನಿಮಗೆ ಟೈಮ್ ಹೇಗೆ ಸಿಗುತ್ತೆ ಅಂತ ಕೇಳ್ತೀನಿ. ದಿನಾ ರಾತ್ರಿ ಊಟ ಆದ್ಮೇಲೆ ಯಾರೂ ಕರೀದೇ ಇರೋ ಒಂದು ಗಂಟೆ ಸಿಗುತ್ತಾ, ಅಥವಾ ಡೊಂಬಿವಲಿಯಿಂದ ಸಿಎಸ್‌ಎಂಟಿ ಹೋಗೋ ಮುಂಬೈ ಲೋಕಲ್ ಟ್ರೇನಲ್ಲಿ, ಆಫೀಸ್ ಕಾಲ್ ಮಧ್ಯೆ, ಮಗು ಮಲಗಿದಾಗ ಅಂತ ಹತ್ತು ಹತ್ತು ನಿಮಿಷ ತುಂಡು ತುಂಡಾಗಿ ಸಿಗುತ್ತಾ. ಎರಡನೇದು, ಸೋತ್ರೆ ನಿಮಗೆ ಯಾವ ಥರ ಸೋಲು ತಡ್ಕೋಳೋಕೆ ಆಗುತ್ತೆ. ಅರ್ಧ ಗಂಟೇಲಿ ಒದೆ ತಿಂದು ಮತ್ತೆ ಶುರು ಮಾಡೋದು ಒಂದು ಥರ, ಮೂರು ವಾರ ಕಟ್ಟಿದ ರಾಜ್ಯ ಒಂದು ಸಾವಿನಿಂದ ಒಡೆದು ಹೋಗೋದು ಇನ್ನೊಂದು ಥರ. ಈ ಎರಡಕ್ಕೆ ಉತ್ತರ ಗೊತ್ತಾದ್ರೆ ಮುಕ್ಕಾಲು ಭಾಗ ಆಯ್ಕೆ ಆದಂಗೆ. ಮೂರನೇದು ಲ್ಯಾಪ್‌ಟಾಪ್, ಅದನ್ನ ಬೇಗ ಮುಗಿಸ್ತೀನಿ: ಕಂಪನಿ ಲ್ಯಾಪ್‌ಟಾಪಲ್ಲಿ ಏನೂ ಇನ್‌ಸ್ಟಾಲ್ ಮಾಡೋಕೆ ಹೋಗ್ಬೇಡಿ, ಸ್ವಂತದ್ದಿದ್ದು ಅದ್ರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದ್ರೂ ಈ ಜಾತಿ ಗೇಮಲ್ಲಿ ಒಳ್ಳೊಳ್ಳೆವು ನಡೆಯುತ್ತೆ, ಎಲ್ಲೆಲ್ಲಿ ನಡೆಯಲ್ಲ ಅಂತ ಮಧ್ಯದಲ್ಲಿ ಹೇಳ್ತಾ ಹೋಗ್ತೀನಿ.

ಮೊದಲು ಏಜ್ ಆಫ್ ಎಂಪೈರ್ಸ್ 2. ಇದು 1999ರ ಗೇಮ್, ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಆಡಿದೋರು ಈಗ ಮನೆ ಲೋನ್ ಕಟ್ತಿದಾರೆ. ಆದ್ರೆ ನೀವು ತಗೋಬೇಕಾದ್ದು 2019ರಲ್ಲಿ ಬಂದ ಡೆಫಿನಿಟಿವ್ ಎಡಿಷನ್, ಹಳೇದಲ್ಲ. ಆಟ ಏನು ಅಂದ್ರೆ ಮೂರು ವಿಲೇಜರ್, ಒಬ್ಬ ಸ್ಕೌಟ್, ಒಂದು ಟೌನ್ ಸೆಂಟರ್ ಕೊಟ್ಟು ಕಾಡಲ್ಲಿ ಬಿಡ್ತಾರೆ, ಅಲ್ಲಿಂದ ಕುರಿ ಕಡಿದು, ಮರ ಕಡಿದು, ಚಿನ್ನ ತೋಡಿ ನಾಲ್ಕು ಯುಗ ದಾಟಿ ಎದುರಿನವನ ಕೋಟೆ ಕೆಡವ್ಬೇಕು. ಒಂದು ಆಟ ಅರ್ಧ ಗಂಟೆಯಿಂದ ಒಂದು ಗಂಟೆ. ಮುಗಿದ್ರೆ ಮುಗೀತು, ನಾಳೆಗೆ ಅಂತ ಏನೂ ತಲೇಲಿ ಇಟ್ಕೋಬೇಕಾಗಿಲ್ಲ. ಅದಕ್ಕೇ ಕೆಲಸಕ್ಕೆ ಹೋಗೋರಿಗೆ ಇದು ಬಹಳ ಒಗ್ಗುತ್ತೆ ಅನ್ನೋದು ನನ್ನ ಅಭಿಪ್ರಾಯ, ಒಂದೇ ಷರತ್ತು ಆ ಒಂದು ಗಂಟೆ ಪೂರ್ತಿ ನಿಮ್ಮದಾಗಿರ್ಬೇಕು. ಒಬ್ಬರೇ ಕಂಪ್ಯೂಟರ್ ಜೊತೆ ಆಡುವಾಗ ಎಫ್3 ಒತ್ತಿದ್ರೆ ನಿಲ್ಲುತ್ತೆ, ಬೇರೆಯವರ ಜೊತೆ ಆನ್‌ಲೈನ್ ಆಡುವಾಗ ಅಮ್ಮ ಫೋನ್ ಮಾಡಿದ್ರೆ ಅಷ್ಟೇ ಕಥೆ.

ಹೊಸಬ್ರು ಇಲ್ಲಿ ಸೋಲೋದು ಯುದ್ಧದಲ್ಲಿ ಅಲ್ಲ, ಮೊದಲ ಹತ್ತು ನಿಮಿಷದಲ್ಲೇ ಸೋತಿರ್ತಾರೆ, ಅದು ಗೊತ್ತಾಗೋದು ಮಾತ್ರ ಇಪ್ಪತ್ತೈದನೇ ನಿಮಿಷಕ್ಕೆ. ಕಾರಣ ಟೌನ್ ಸೆಂಟರ್ ಸುಮ್ನೆ ಕೂತಿರುತ್ತೆ. ಒಬ್ಬ ವಿಲೇಜರ್‌ಗೆ 50 ಫುಡ್, 25 ಸೆಕೆಂಡ್. ಈ 25 ಸೆಕೆಂಡಿನ ಗಡಿಯಾರ ನಿಲ್ಲಬಾರದು, ಒಂದು ನಿಮಿಷ ಮರೆತ್ರೆ ಎರಡು ಜನ ಕಮ್ಮಿ, ಆ ಇಬ್ರು ಕಡೀಬೇಕಿದ್ದ ಮರ ಕಮ್ಮಿ, ಆ ಮರದಲ್ಲಿ ಆಗ್ಬೇಕಿದ್ದ ಹೊಲ ಕಮ್ಮಿ, ಹೀಗೆ ಬೆಳೀತಾ ಹೋಗುತ್ತೆ. ಎಚ್ ಒತ್ತಿದ್ರೆ ಟೌನ್ ಸೆಂಟರ್ ಸೆಲೆಕ್ಟ್ ಆಗುತ್ತೆ, ಕ್ಯೂ ಒತ್ತಿದ್ರೆ ವಿಲೇಜರ್, ಬೇರೆ ಯಾವ ಹಾಟ್‌ಕೀನೂ ಬೇಡ, ಇವೆರಡು ಮತ್ತೆ ಸುಮ್ನೆ ನಿಂತಿರೋನನ್ನ ಹುಡುಕೋ ಫುಲ್‌ಸ್ಟಾಪ್ ಕೀ ಇಷ್ಟು ಮೊದಲ ತಿಂಗಳಿಗೆ ಸಾಕು. ಐದು ಜನಕ್ಕೆ ಒಂದು ಮನೆ ಬೇಕು, ಮನೆಗೆ 25 ಮರ, ಜಾಗ ಭರ್ತಿ ಆದ್ಮೇಲೆ ಕಟ್ಟಿದ್ರೆ ತಡ ಆಯ್ತು ಅಂತಾನೇ ಅರ್ಥ. ಮೊದಲ ಆರು ಜನ ಕುರಿಗೆ, ಆಮೇಲಿನ ಮೂರ್ನಾಲ್ಕು ಜನ ಮರಕ್ಕೆ, ಆಮೇಲೆ ಒಬ್ಬ ಹೋಗಿ ಕಾಡುಹಂದಿಗೆ ಒಂದು ಬಾಣ ಬಿಟ್ಟು ಅದನ್ನ ಅಟ್ಟಿಸ್ಕೊಂಡು ಟೌನ್ ಸೆಂಟರ್ ಹತ್ರ ಬರ್ಬೇಕು, ಅಲ್ಲಿ ಎಲ್ರೂ ಸೇರಿ ಹೊಡೀಬೇಕು. ಇದು ಮೊದಮೊದಲು ಆಗಲ್ಲ, ಹಂದಿ ಅವನನ್ನೇ ಸಾಯಿಸುತ್ತೆ, ಅದಕ್ಕೆ 50 ಚಿನ್ನ ಕೊಟ್ಟು ಲೂಮ್ ಅಂತ ಮಾಡ್ಕೊಂಡ್ರೆ ಸ್ವಲ್ಪ ಗಟ್ಟಿ ಆಗ್ತಾರೆ. ಎರಡನೇ ಯುಗಕ್ಕೆ ಹೋಗೋಕೆ 500 ಫುಡ್, ಮೂರನೇದಕ್ಕೆ 800 ಫುಡ್ 200 ಚಿನ್ನ.

ಯೂಟ್ಯೂಬಲ್ಲಿ ದೊಡ್ಡ ದೊಡ್ಡ ಆಟಗಾರರು ಹೇಳೋ ಬಿಲ್ಡ್ ಆರ್ಡರ್ ಇದೆಯಲ್ಲ, ಇಷ್ಟನೇ ವಿಲೇಜರ್ ಇಷ್ಟನೇ ಸೆಕೆಂಡಿಗೆ ಅಂತ, ಅದನ್ನ ಸದ್ಯಕ್ಕೆ ನೋಡ್ಬೇಡಿ. ಅವರು ಇಪ್ಪತ್ತೊಂದು ಇಪ್ಪತ್ತೆರಡು ಜನಕ್ಕೆ ಯುಗ ಬದಲಾಯಿಸ್ತಾರೆ, ನೀವು ಇಪ್ಪತ್ತೆಂಟಕ್ಕೆ ಮಾಡಿ, ಯಾರೂ ಬೈಯಲ್ಲ. ಗೇಮ್ ಒಳಗೇ ವಿಲಿಯಂ ವಾಲೆಸ್ ಹೆಸರಿನ ಕ್ಯಾಂಪೇನ್, ಅಂದ್ರೆ ಕಥೆ ಥರ ಒಂದಾದ್ಮೇಲೊಂದು ಆಡೋ ಹಂತಗಳು, ಇದೆ, ಅದು ಪಾಠದ ಥರ ಇದೆ, ಅದಾದ್ಮೇಲೆ ಆರ್ಟ್ ಆಫ್ ವಾರ್ ಅಂತ ಚಿಕ್ಕ ಚಿಕ್ಕ ಪರೀಕ್ಷೆಗಳಿವೆ, ಅವೆರಡು ಮಾಡಿದ್ರೆ ಯೂಟ್ಯೂಬ್ ಬೇಕಾಗೇ ಇಲ್ಲ. ಸೈನ್ಯದ ಲೆಕ್ಕ ಕಲಿಯೋದು ಸುಲಭ: ಕುದುರೆ ಬಂದ್ರೆ ಭರ್ಜಿ, ಭರ್ಜಿ ಬಂದ್ರೆ ಬಿಲ್ಲು, ಬಿಲ್ಲು ಬಂದ್ರೆ ದೂರದಿಂದ ಈಟಿ ಎಸೆಯೋ ಸ್ಕರ್ಮಿಷರ್ ಅಥವಾ ಕುದುರೆ. ಭರ್ಜಿಯವನಿಗೆ 35 ಫುಡ್ 25 ಮರ ಅಷ್ಟೇ, ಎದುರಿನವನ ನೈಟ್ ಅನ್ನೋ ಕುದುರೆ ಸವಾರನಿಗೆ 60 ಫುಡ್ 75 ಚಿನ್ನ, ಅಂದ್ರೆ ಚಿನ್ನ ಖರ್ಚೇ ಇಲ್ದೆ ಚಿನ್ನದ ಸೈನ್ಯ ತಡೀಬಹುದು, ಇದನ್ನ ಹೊಸಬ್ರು ನಂಬೋದೇ ಇಲ್ಲ, ಎಲ್ರಿಗೂ ನೈಟೇ ಬೇಕು. ಇನ್ನೊಂದು, ಎತ್ತರದ ಮೇಲೆ ನಿಂತು ಹೊಡೆದ್ರೆ ಏಟು ಕಾಲು ಭಾಗ ಜಾಸ್ತಿ, ಕೆಳಗಿಂದ ಹೊಡೆದ್ರೆ ಕಾಲು ಭಾಗ ಕಮ್ಮಿ. ಸಿಂಹಗಡ ಹತ್ತಿ ಏದುಸಿರು ಬಿಟ್ಟೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

2022ರಲ್ಲಿ ಭಾರತದ ಮೇಲೆ ಒಂದು ಎಕ್ಸ್‌ಪ್ಯಾನ್ಷನ್, ಅಂದ್ರೆ ಬೇರೆಯಾಗಿ ತಗೊಳ್ಳೋ ಹೆಚ್ಚುವರಿ ಭಾಗ, ಬಂತು, ಮೊದಲು ಇಂಡಿಯನ್ಸ್ ಅಂತ ಒಂದೇ ಇದ್ದಿದ್ದನ್ನ ಒಡೆದು ಹಿಂದೂಸ್ತಾನಿ, ದ್ರಾವಿಡ, ಬಂಗಾಳಿ, ಗುರ್ಜರ ಅಂತ ಮಾಡಿದ್ರು. ನಮ್ಮ ಹುಡುಗ್ರು ಅಭಿಮಾನದಿಂದ ಸೀದಾ ದ್ರಾವಿಡ ತಗೋತಾರೆ. ಬೇಡ ಅನ್ನಲ್ಲ, ಉರುಮಿ ಅನ್ನೋ ಬಳುಕೋ ಕತ್ತಿ ಹಿಡಿದು ಬರೋ ಕಾಲಾಳು ನೋಡೋಕೆ ಮಜಾ ಇದೆ, ನೀರಿನ ಮ್ಯಾಪಲ್ಲಿ ಗಟ್ಟಿ, ಆದ್ರೆ ನೈಟ್ ಅನ್ನೋದೇ ಸಿಗಲ್ಲ, ಹೊಸಬರಿಗೆ ಬಲವಾದ ಕುದುರೆ ಸೈನ್ಯ ಇಲ್ದೆ ಆಡೋದು ಕಷ್ಟ. ಮೊದಲು ಫ್ರಾಂಕ್ಸ್ ಅಥವಾ ಬ್ರಿಟನ್ಸ್ ಜೊತೆ ಕೈ ಕುದುರಿಸ್ಕೊಂಡು ಆಮೇಲೆ ಬನ್ನಿ. ಅದ್ರಲ್ಲೇ ರಾಜೇಂದ್ರ ಚೋಳನ ಕ್ಯಾಂಪೇನ್ ಇದೆ, ನಮ್ಮ ಕಲ್ಯಾಣ ಚಾಲುಕ್ಯರ ಜೊತೆ ಕಾದಾಡಿದ ಅದೇ ರಾಜೇಂದ್ರ, ಚಾಲುಕ್ಯರ ಕಡೆಯಿಂದ ಬಂದೋರಿಗೆ ಅವನ ಪರವಾಗಿ ಆಡೋಕೆ ಸ್ವಲ್ಪ ಮುಜುಗರ ಆಗ್ಬಹುದು, ಅದಕ್ಕೆ ನಾನು ಜವಾಬ್ದಾರ ಅಲ್ಲ.

ನಾಲ್ಕನೇ ಭಾಗ ಬಗ್ಗೆ ಕೇಳ್ತಾರೆ, ಏಜ್ ಆಫ್ ಎಂಪೈರ್ಸ್ 4, 2021ರದ್ದು. ಹೊಸಬರಿಗೆ ಅದು ಇನ್ನೂ ಸ್ವಲ್ಪ ಸುಲಭ, ಚಿತ್ರ ದೊಡ್ಡದಾಗಿ ಸ್ಪಷ್ಟವಾಗಿ ಕಾಣುತ್ತೆ, ಕ್ಯಾಂಪೇನ್ ಮಧ್ಯೆ ನಿಜವಾದ ಕೋಟೆಗಳ ಡಾಕ್ಯುಮೆಂಟರಿ ಥರ ವಿಡಿಯೋ ಬರುತ್ತೆ, ಅವು ನಿಜಕ್ಕೂ ಚೆನ್ನಾಗಿವೆ, ದೆಹಲಿ ಸುಲ್ತಾನರೂ ಇದಾರೆ. ಆದ್ರೆ ಲ್ಯಾಪ್‌ಟಾಪ್ ಹಳೇದಾದ್ರೆ ಎರಡನೇದೇ ಸರಿ, ಅದ್ರ ಭಾರಿ ಗ್ರಾಫಿಕ್ಸ್ ಪ್ಯಾಕ್ ಬೇರೆಯಾಗೇ ಬರುತ್ತೆ, ಅದನ್ನ ಡೌನ್‌ಲೋಡ್ ಮಾಡದೇ ಬಿಟ್ರೆ ಸಾಧಾರಣ ಯಂತ್ರದಲ್ಲೂ ಓಡುತ್ತೆ. ಜೊತೆಗೆ ಆಡೋ ಫ್ರೆಂಡ್ಸ್ ಯಾವುದರಲ್ಲಿದ್ದಾರೋ ಅದನ್ನ ತಗೊಳ್ಳಿ, ಇಷ್ಟೇ ತೀರ್ಮಾನ.

ಈಗ ಇದರ ಉಲ್ಟಾ ಸ್ವಭಾವದ್ದು, ಮೀಡಿವಲ್ 2 ಟೋಟಲ್ ವಾರ್. 2006ರ ಗೇಮ್, ಇವತ್ತಿಗೂ ಜನ ಬಿಟ್ಟಿಲ್ಲ. ಇದ್ರಲ್ಲಿ ಎರಡು ಆಟ ಒಂದ್ರೊಳಗೊಂದು ಇವೆ. ಯೂರೋಪಿನ ದೊಡ್ಡ ಮ್ಯಾಪ್ ಮೇಲೆ ಚದುರಂಗದ ಥರ ಸರದಿ ಸರದಿಯಾಗಿ ನಡೆಸೋದು, ಎರಡು ಸೈನ್ಯ ಎದುರಾದಾಗ ಮೈದಾನಕ್ಕೆ ಇಳಿದು ಸಾವಿರಾರು ಜನರನ್ನ ನೀವೇ ನಿಲ್ಲಿಸಿ ಹೋರಾಡೋದು. ಮೈದಾನ ಬೇಡ ಅನ್ಸಿದ್ರೆ ಕಂಪ್ಯೂಟರಿಗೇ ಲೆಕ್ಕ ಹಾಕೋಕೆ ಬಿಡಬಹುದು. 1080ನೇ ಇಸವಿಯಿಂದ ಶುರು, ಒಂದು ಸರದಿಗೆ ಎರಡು ವರ್ಷ. ನಿಮ್ಮ ಸರದಿ ಅಂದ್ರೆ ನಿಮ್ಮದೇ, ಟೀ ಮಾಡ್ಕೊಂಡು ಬನ್ನಿ, ಮಗುಗೆ ಊಟ ಮಾಡ್ಸಿ ಬನ್ನಿ, ಅಲ್ಲೇ ಕಾಯ್ತಿರುತ್ತೆ. ತುಂಡು ತುಂಡು ಟೈಮ್ ಸಿಗೋರಿಗೆ ನಾನು ಕಣ್ಣು ಮುಚ್ಚಿ ಹೇಳೋದು ಇದನ್ನೇ.

ಇಂಗ್ಲೆಂಡ್ ತಗೊಂಡು ಶುರು ಮಾಡಿ. ದ್ವೀಪ ಆದ್ರಿಂದ ಬೆನ್ನಿಗೆ ಬಂದು ಚುಚ್ಚೋರು ಕಮ್ಮಿ. ಪಕ್ಕದಲ್ಲೇ ಯಾರ್ಕ್, ಕೇರ್ನಾರ್ವನ್ ಥರ ಯಾರ ಕೈಲೂ ಇಲ್ಲದ ಊರುಗಳಿವೆ, ಮೊದಲ ಕೆಲವು ಸರದೀಲಿ ಅವನ್ನ ತಗೊಂಡ್ಬಿಡಿ, ದೊಡ್ಡ ರಾಜರ ಜೊತೆ ಜಗಳ ಆಮೇಲೆ. ಊರು ಎರಡು ಜಾತಿ, ಸಿಟಿ ಮತ್ತು ಕ್ಯಾಸಲ್. ಸಿಟಿಯಿಂದ ದುಡ್ಡು, ಕ್ಯಾಸಲ್‌ನಿಂದ ಒಳ್ಳೆ ಸೈನ್ಯ. ಹೊಸಬ್ರು ಎಲ್ಲಾನೂ ಕ್ಯಾಸಲ್ ಮಾಡ್ಬಿಟ್ಟು ಸೈನ್ಯ ಕಟ್ತಾರೆ, ಆಮೇಲೆ ಸಂಬಳ ಕೊಡೋಕೆ ದುಡ್ಡಿಲ್ಲ. ಹೌದು, ಸೈನಿಕನನ್ನ ಒಂದ್ಸಲ ದುಡ್ಡು ಕೊಟ್ಟು ತಗೊಂಡ್ರೆ ಮುಗಿಯಲ್ಲ, ಪ್ರತಿ ಸರದಿಗೂ ಅವನ ಖರ್ಚು ಕಟ್ ಆಗ್ತಾನೇ ಇರುತ್ತೆ, ಯುದ್ಧ ಇರ್ಲಿ ಬಿಡ್ಲಿ. ಗಡಿ ಹತ್ರ ಒಂದೋ ಎರಡೋ ಕ್ಯಾಸಲ್, ಉಳಿದಿದ್ದು ಸಿಟಿ, ರಸ್ತೆ ಮತ್ತು ಮಾರುಕಟ್ಟೆ ಮೊದಲು ಕಟ್ಟಿಸಿ. ಇನ್ನೊಬ್ರನ್ನ ಮರೀಬೇಡಿ, ಪೋಪ್. ಅದೇ ಧರ್ಮದ ಇನ್ನೊಂದು ರಾಜ್ಯದ ಮೇಲೆ ಬಿದ್ರೆ ಆತ ನಿಲ್ಲಿಸು ಅಂತಾನೆ, ಕೇಳಲಿಲ್ಲ ಅಂದ್ರೆ ಬಹಿಷ್ಕಾರ ಹಾಕ್ತಾನೆ, ಆಮೇಲೆ ಸುತ್ತಮುತ್ತಲಿನೋರೆಲ್ಲ ನಿಮ್ಮ ಮೇಲೆ ಎಗರೋಕೆ ಕಾರಣ ಸಿಕ್ಕಂಗೆ. ಚರ್ಚು ಕಟ್ಟಿಸಿ, ಪಾದ್ರಿಗಳನ್ನ ತಯಾರು ಮಾಡಿ, ಆತನ ಮುಖ ನಗ್ತಾ ಇರೋ ಹಾಗೆ ನೋಡ್ಕೊಳ್ಳಿ.

ಮೈದಾನಕ್ಕೆ ಬಂದ್ರೆ ಒಂದೇ ಒಂದು ಸೂತ್ರ ಸಾಕು ಮೊದಲಿಗೆ. ಕಾಲಾಳು ಮುಂದೆ ಸಾಲಾಗಿ ನಿಲ್ಸಿ ಎದುರಿನವ್ರನ್ನ ಹಿಡಿದಿಡೋದು, ಕುದುರೆ ಸುತ್ತು ಹಾಕ್ಕೊಂಡು ಹೋಗಿ ಹಿಂದಿನಿಂದ ನುಗ್ಗೋದು. ನುಗ್ಗಿದ್ಮೇಲೆ ಅಲ್ಲೇ ನಿಂತು ಬಡಿದಾಡೋಕೆ ಬಿಡ್ಬೇಡಿ, ವಾಪಸ್ ಎಳ್ಕೊಂಡು ದೂರ ಹೋಗಿ ಮತ್ತೆ ನುಗ್ಗಿ. ಭರ್ಜಿ ಹಿಡಿದೋರ ಎದುರಿಗೆ ಸೀದಾ ಕುದುರೆ ಬಿಟ್ರೆ ನಿಮ್ಮ ಜನರಲ್ ಸಹಿತ ಹೋಗ್ತಾನೆ. ಇಲ್ಲಿ ಜನ ಸಾಯೋದಕ್ಕಿಂತ ಧೈರ್ಯ ಕೆಟ್ಟು ಓಡೋದೇ ಜಾಸ್ತಿ, ನೂರು ಜನರಲ್ಲಿ ಎಪ್ಪತ್ತು ಜನ ಜೀವಂತ ಇರ್ವಾಗ್ಲೇ ಓಡ್ತಾರೆ. ಹಿಂದಿನಿಂದ ಹೊಡೆದ್ರೆ, ಅವರ ದಳಪತಿ ಸತ್ರೆ, ಉರಿಯೋ ಬಾಣ ಬಿದ್ರೆ ಧೈರ್ಯ ಬೇಗ ಕುಸಿಯುತ್ತೆ. ನಮ್ಮ ರೂಮಿನ ವಿಜಯಪುರದ ಹುಡುಗ ಮೊದಲ ಸಲ ಇದನ್ನ ನೋಡಿ "ಲೇ, ಇನ್ನೂ ಹೊಡ್ದೇ ಇಲ್ಲಲೇ, ಯಾಕ್ ಓಡ್ಲಿಕ್ಹತ್ಯಾರಿವ್ರು" ಅಂತ ಸ್ಕ್ರೀನಿಗೇ ಬೈದಿದ್ದ. ಏಜ್ ಆಫ್ ಎಂಪೈರ್ಸಲ್ಲಿ ಹಿಂಗಿಲ್ಲ, ಅಲ್ಲಿ ಕೊನೇ ಒಬ್ಬ ಇರೋ ತನಕ ಬಡಿದಾಡ್ತಾರೆ. ಒಂದರಿಂದ ಇನ್ನೊಂದಕ್ಕೆ ಬರೋರು ಈ ವ್ಯತ್ಯಾಸ ತಲೇಲಿ ಇಟ್ಕೊಳ್ಳಿ.

ಮೂರನೇದು ಕ್ರುಸೇಡರ್ ಕಿಂಗ್ಸ್ 3, 2020ರದ್ದು. ಇದನ್ನ ಯುದ್ಧದ ಗೇಮ್ ಅಂತ ತಗೊಂಡ್ರೆ ಬೇಜಾರಾಗ್ತೀರಾ, ಮೊದಲೇ ಹೇಳ್ಬಿಡ್ತೀನಿ. ಯುದ್ಧ ಇದೆ, ಆದ್ರೆ ಸೈನ್ಯಕ್ಕೆ ದಾರಿ ತೋರ್ಸಿದ್ಮೇಲೆ ಕೈ ಕಟ್ಕೊಂಡು ನೋಡೋದಷ್ಟೇ. ನಿಜವಾದ ಆಟ ಇರೋದು ಮನೆ ಒಳಗೆ. ನೀವು ಒಂದು ದೇಶ ಅಲ್ಲ, ಒಬ್ಬ ಮನುಷ್ಯ, ಅವನು ಸತ್ರೆ ಅವನ ಮಗ ಅಥವಾ ಮಗಳಾಗಿ ಮುಂದುವರಿಸ್ಬೇಕು. ಯಾರ ಮಗಳನ್ನ ತಂದ್ಕೋಬೇಕು, ಯಾವ ತಮ್ಮ ಹಿಂದಿನಿಂದ ಪಿತೂರಿ ಮಾಡ್ತಿದಾನೆ, ಯಾವ ಸಾಮಂತನ ಗುಟ್ಟು ನಮಗೆ ಗೊತ್ತಿದೆ ಅನ್ನೋದೇ ದಿನದ ಚಿಂತೆ. ಇನ್ನೊಂದು ಚೆಂದ ಏನಂದ್ರೆ ಯಾವಾಗ ಬೇಕಾದ್ರೂ ಸ್ಪೇಸ್‌ಬಾರ್ ಒತ್ತಿ ನಿಲ್ಲಿಸಬಹುದು, ನಿಂತ ಮೇಲೂ ಆರ್ಡರ್ ಕೊಡಬಹುದು. ತುಂಡು ಟೈಮಿನವರಿಗೆ ಇದೂ ಆಗುತ್ತೆ, ಒಂದೇ ತೊಂದರೆ ಮಧ್ಯೆ ಒಂದು ವಾರ ಬಿಟ್ಟು ಬಂದ್ರೆ ಯಾರು ಯಾರ ಅತ್ತಿಗೆ ಅಂತ ಮರೆತು ಹೋಗಿರುತ್ತೆ.

ಕನ್ನಡದವರಿಗೆ ಇದ್ರಲ್ಲಿ ಒಂದು ಸ್ಪೆಷಲ್ ಸೆಳೆತ ಇದೆ, ಮ್ಯಾಪಲ್ಲಿ ನಮ್ಮ ಊರಿದೆ. ಆಟ ಶುರು ಮಾಡೋಕೆ 867 ಅಥವಾ 1066 ಅಂತ ವರ್ಷ ಆರಿಸ್ಬಹುದು, 2024ರ ಎಕ್ಸ್‌ಪ್ಯಾನ್ಷನ್ ತಗೊಂಡ್ರೆ 1178 ಕೂಡ ಸಿಗುತ್ತೆ. 867 ಅಂದ್ರೆ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗ ಇನ್ನೂ ಆಳ್ತಿದ್ದ ಕಾಲ. 1066 ಅಂದ್ರೆ ಕಲ್ಯಾಣದಲ್ಲಿ ಚಾಲುಕ್ಯ ಒಂದನೇ ಸೋಮೇಶ್ವರ, ಗೋವಾದಲ್ಲಿ ಕದಂಬರು, ದಕ್ಷಿಣಕ್ಕೆ ಚೋಳರು ಹಲ್ಲು ಮಸೀತಾ ಕೂತಿರೋ ಕಾಲ. 1178 ಅಂದ್ರೆ ದೋರಸಮುದ್ರದಲ್ಲಿ ಇಮ್ಮಡಿ ವೀರಬಲ್ಲಾಳ. ಪಣಜಿ, ಮಡಗಾಂವಲ್ಲಿ ಕೂತು ಆಡೋರು ಕದಂಬರ ನೆಲದ ಮೇಲೇ ಕೂತಿದೀವಿ ಅಂತ ಹೆಮ್ಮೆ ಪಡಬಹುದು. ಆದ್ರೆ ದಯವಿಟ್ಟು ಮೊದಲ ಆಟಕ್ಕೆ ಕರ್ನಾಟಕದ ದೊಡ್ಡ ಚಕ್ರವರ್ತಿ ತಗೋಬೇಡಿ. ಮೊದಲ ದಿನಾನೇ ಹತ್ತಾರು ಸಾಮಂತರು, ಅರ್ಧ ಜನಕ್ಕೆ ನಿಮ್ಮನ್ನ ಕಂಡ್ರೆ ಆಗಲ್ಲ, ಪ್ರತಿ ಎರಡು ನಿಮಿಷಕ್ಕೂ ಒಂದು ಪಾಪ್‌ಅಪ್, ಯಾಕೆ ಸೋತ್ರಿ ಅಂತಾನೇ ತಿಳಿಯಲ್ಲ. ಗೇಮ್ ತಾನೇ ತೋರ್ಸೋ ಟ್ಯುಟೋರಿಯಲ್ ಇದೆ, 1066ರ ಐರ್ಲೆಂಡಲ್ಲಿ ಮನ್‌ಸ್ಟರ್ ಅನ್ನೋ ಪುಟ್ಟ ರಾಜ್ಯ. ಅಲ್ಲಿ ಸುತ್ತ ಇರೋರೆಲ್ಲ ನಿಮ್ಮಷ್ಟೇ ಬಡವರು, ಆರಾಮಾಗಿ ಕಲೀಬಹುದು. ಒಂದು ಐರ್ಲೆಂಡ್ ಒಟ್ಟು ಮಾಡಿದ್ಮೇಲೆ ಮಳಖೇಡಕ್ಕೆ ಬನ್ನಿ.

ಹೊಸಬ್ರು ಇದ್ರಲ್ಲಿ ಎಡವೋದು ಒಂದೇ ಕಡೆ, ಭಾಗ. ಊರಲ್ಲಿ ಅಪ್ಪ ಸತ್ಮೇಲೆ ಅಣ್ಣತಮ್ಮಂದಿರು ಹೊಲ ಹಂಚ್ಕೊಂಡು ಎಕರೆ ಗುಂಟೆ ಆಗೋದು ನೋಡಿದೀರಲ್ಲ, ಡಿಟ್ಟೋ ಅದೇ ಇಲ್ಲಿ. ಶುರುವಲ್ಲಿ ಇರೋ ಕಾನೂನು ಪ್ರಕಾರ ರಾಜ ಸತ್ರೆ ರಾಜ್ಯ ಮಕ್ಕಳಿಗೆಲ್ಲ ಹಂಚಿ ಹೋಗುತ್ತೆ, ನೀವು ಮೂವತ್ತು ವರ್ಷ ಒದ್ದಾಡಿ ಸೇರ್ಸಿದ ನೆಲದಲ್ಲಿ ದೊಡ್ಡವನಿಗೆ ಒಂದು ಚೂರು, ಉಳಿದಿದ್ದು ತಮ್ಮಂದಿರಿಗೆ, ಆಮೇಲೆ ಅದೇ ತಮ್ಮಂದಿರ ಮೇಲೆ ಯುದ್ಧ. ಇದಕ್ಕೆ ಮೊದಲೇ ತಯಾರಿ ಬೇಕು: ಸತ್ರೆ ಯಾರಿಗೆ ಏನು ಹೋಗುತ್ತೆ ಅಂತ ತೋರ್ಸೋ ಪರದೆ ಇದೆ, ಅದನ್ನ ರಾಜನಿಗೆ ನಲವತ್ತು ದಾಟಿದ ಮೇಲೆ ಆಗಾಗ ತೆಗೆದು ನೋಡಿ, ರಾಜಧಾನಿ ಇರೋ ಭಾಗದ ನೆಲ ಎಲ್ಲಾ ಗಟ್ಟಿಯಾಗಿ ದೊಡ್ಡವನ ಕೈಗೆ ಬರೋ ಹಾಗೆ ನೋಡ್ಕೊಳ್ಳಿ, ದುಡ್ಡು ಕೂಡಿಟ್ಟಿರಿ. ಮಗನ ಹಕ್ಕು ಕಿತ್ತುಹಾಕೋಕೂ ದಾರಿ ಇದೆ, ಮನೆತನದ ಹೆಸರು ಖರ್ಚಾಗುತ್ತೆ. ಇನ್ನು ನೆಲ ಬೇಕು ಅಂದ್ರೆ ಸುಮ್ನೆ ಹೋಗಿ ಬೀಳೋಕಾಗಲ್ಲ, ಹಕ್ಕು ಬೇಕು. ನಿಮ್ಮ ಆಸ್ಥಾನದ ಪುರೋಹಿತನಿಗೆ ಹೇಳಿದ್ರೆ ಸುಳ್ಳು ದಾಖಲೆ ಸೃಷ್ಟಿ ಮಾಡಿ ಕೊಡ್ತಾನೆ, ಅದಕ್ಕೆ ವರ್ಷಗಟ್ಟಲೆ ಹಿಡಿಯುತ್ತೆ. ಅಷ್ಟರಲ್ಲಿ ಮಗಳ ಮದುವೆ ಬಲವಾದ ಮನೆಗೆ ಮಾಡಿ ಅಳಿಯನ ಸೈನ್ಯ ಜೊತೆಗೆ ತಗೊಳ್ಳಿ. ಸೈನ್ಯದಲ್ಲಿ ಲೆವಿ ಅಂತ ಬರೋ ರೈತರ ಗುಂಪಿನ ತಲೆಲೆಕ್ಕ ನೋಡಿ ಮೋಸ ಹೋಗ್ಬೇಡಿ, ಮೆನ್ ಅಟ್ ಆರ್ಮ್ಸ್ ಅನ್ನೋ ಪಳಗಿದ ದಳ ಎಷ್ಟಿದೆ ಅನ್ನೋದೇ ಮುಖ್ಯ.

ಇದ್ರ ಡಿಎಲ್‌ಸಿಗಳ, ಅಂದ್ರೆ ಬೇರೆಯಾಗಿ ತಗೊಳ್ಳೋ ಹೆಚ್ಚುವರಿ ಭಾಗಗಳ, ಪಟ್ಟಿ ನೋಡಿ ಗಾಬರಿ ಆಗ್ಬೇಡಿ. ಮೂಲ ಗೇಮ್ ಒಂದೇ ಬಹಳ ಕಾಲಕ್ಕೆ ಸಾಕು, ಉಳಿದಿದ್ದು ಸೇಲ್ ಬಂದಾಗ ನೋಡಿದ್ರಾಯ್ತು.

ಸ್ಟ್ರಾಂಗ್‌ಹೋಲ್ಡ್ ಕ್ರುಸೇಡರ್ ಹೆಸರು ಕೇಳಿದ ತಕ್ಷಣ ಕೆಲವರ ಮುಖ ಅರಳುತ್ತೆ, 2002ರದ್ದು, ಮೊನ್ನೆ 2025ರಲ್ಲಿ ಹೊಸ ರೂಪ ಬಂದಿದೆ. ಹಳೇದು ಯಾವ ಡಬ್ಬ ಕಂಪ್ಯೂಟರಲ್ಲೂ ಓಡುತ್ತೆ. ಕೋಟೆ ಕಟ್ಟೋ ಆಸೆ ಇರೋರಿಗೆ ಇದೇ, ಬೇರೆ ಯಾವ್ದೂ ಇಷ್ಟು ಖುಷಿ ಕೊಡಲ್ಲ. ಗೋಡೆ, ಬುರುಜು, ಕಂದಕ, ಕಾಯಿಸಿದ ಎಣ್ಣೆ, ಎಲ್ಲಾ ನೀವೇ. ಇಲ್ಲಿ ಜನಪ್ರಿಯತೆ ಅಂತ ಒಂದು ಅಂಕಿ ಇದೆ, ಅದು 50ಕ್ಕಿಂತ ಕೆಳಗಿಳಿದ್ರೆ ಜನ ಊರು ಬಿಟ್ಟು ಹೋಗ್ತಾರೆ. ತೆರಿಗೆ ಏರ್ಸಿದ್ರೆ ಇಳಿಯುತ್ತೆ, ಊಟ ಜಾಸ್ತಿ ಕೊಟ್ರೆ, ಬ್ರೆಡ್ ಜೊತೆ ಚೀಸ್, ಮಾಂಸ, ಸೇಬು ಅಂತ ಬಗೆಬಗೆ ಇಟ್ರೆ, ಬಿಯರ್ ಕೊಟ್ರೆ ಏರುತ್ತೆ. ತಂತ್ರ ಇಷ್ಟೇ, ಊಟದಲ್ಲಿ ಕೊಟ್ಟು ತೆರಿಗೆಯಲ್ಲಿ ಕಿತ್ಕೊಳ್ಳೋದು, ಅಂಕಿ 50ರ ಮೇಲೆ ಇದ್ರಾಯ್ತು. ಮರಳುಗಾಡು ಆದ್ರಿಂದ ಬೆಳೆ ಬೆಳೆಯೋ ಹಸಿರು ಜಾಗ ಸ್ವಲ್ಪವೇ ಇರುತ್ತೆ, ಅಲ್ಲಿ ಬೇರೆ ಏನೂ ಕಟ್ಬೇಡಿ. ಅರಬ್ಬೀ ಸೈನಿಕರನ್ನ ಬರೀ ಚಿನ್ನಕ್ಕೆ ತಗೋಬಹುದು, ಆಯುಧ ತಯಾರಿಸೋ ಕಾರ್ಖಾನೆ ಬೇಡ, ಹಾಗಾಗಿ ಶುರುವಲ್ಲಿ ಅವರೇ ಗತಿ. ಎದುರಾಳಿಗಳಲ್ಲಿ ರ‍್ಯಾಟ್ ಅನ್ನೋನು ದಡ್ಡ, ಅವನ ಮೇಲೆ ಕೈ ಪಳಗಿಸಿ. ಇದ್ರ ಒಂದು ಆಟಕ್ಕೂ ಒಂದು ಗಂಟೆ ಬಿಡುವು ಬೇಕು, ಆದ್ರೆ ಏಜ್ ಆಫ್ ಎಂಪೈರ್ಸ್ ಅಷ್ಟು ಕೈ ಓಡಿಸ್ಬೇಕಾಗಿಲ್ಲ.

ಬ್ಯಾನರ್‌ಲಾರ್ಡ್ ಬಗ್ಗೆ ಸ್ವಲ್ಪವೇ ಹೇಳ್ತೀನಿ, ಯಾಕಂದ್ರೆ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು, 60 ಜಿಬಿ ಜಾಗ ಬೇಕು, ಪಿಜಿ ವೈಫೈಯಲ್ಲಿ ಇಳಿಸೋಕೆ ಕೂತ್ರೆ ಒಂದು ಶನಿವಾರ ಪೂರ್ತಿ ಹೋಗುತ್ತೆ. ಟರ್ಕಿಯವರು ಮಾಡಿದ ಗೇಮ್, 2022ರಲ್ಲಿ ಪೂರ್ತಿಯಾಗಿ ಬಿಡುಗಡೆ ಆಯ್ತು. ಮೇಲಿಂದ ನೋಡೋದಲ್ಲ, ನೀವೇ ಕುದುರೆ ಮೇಲೆ ಕೂತು ಕತ್ತಿ ಬೀಸ್ತೀರಿ, ನಿಮ್ಮ ಹಿಂದೆ ನಿಮ್ಮ ಸೈನ್ಯ. ಬಡ ಅಲೆಮಾರಿಯಾಗಿ ಶುರು ಮಾಡಿ ರಾಜ ಆಗೋವರೆಗೂ ದಾರಿ ಇದೆ. ಆ್ಯಕ್ಷನ್ ಇಷ್ಟ, ಲೆಕ್ಕಪತ್ರ ಬೇಜಾರು ಅನ್ನೋರಿಗೆ ಇದು. ಮೊದಲು ಹಳ್ಳಿಯಲ್ಲಿ ಸ್ವಲ್ಪ ಹುಡುಗ್ರನ್ನ ಸೇರ್ಸಿ, ಕಲ್ಲು ಹೊಡೆಯೋ ಲೂಟಿಕೋರರ ಗುಂಪನ್ನ ಹೊಡೆದು ನಿಮ್ಮ ಹುಡುಗ್ರಿಗೆ ತರಬೇತಿ ಕೊಡ್ಸಿ, ಊರೂರಲ್ಲಿ ನಡೆಯೋ ಟೂರ್ನಮೆಂಟ್ ಆಡಿ ದುಡ್ಡು ಮಾಡಿ. ಒಂದೇ ಥರ ಊಟ ಹಾಕಿದ್ರೆ ಸೈನ್ಯ ಮುನಿಸ್ಕೊಳ್ಳುತ್ತೆ, ಬೇರೆ ಬೇರೆ ತಗೊಂಡಿಡಿ.

ಮ್ಯಾನರ್ ಲಾರ್ಡ್ಸ್ ಬಗ್ಗೆ ಕೇಳೋರಿಗೆ: ಬಹಳ ಸುಂದರ, 2024ರಲ್ಲಿ ಅರ್ಲಿ ಆ್ಯಕ್ಸೆಸ್‌ನಲ್ಲಿ, ಅಂದ್ರೆ ಪೂರ್ತಿ ಮುಗಿಯೋ ಮುಂಚೆಯೇ, ಬಂತು, ಆದ್ರೆ ಅದು ಮುಖ್ಯವಾಗಿ ಊರು ಕಟ್ಟೋ ಗೇಮ್, ಯುದ್ಧ ಒಗ್ಗರಣೆಗೆ ಮಾತ್ರ. ಯುದ್ಧವೇ ಬೇಕು ಅನ್ನೋರಿಗೆ ಮೊದಲ ಗೇಮ್ ಆಗಿ ಬೇಡ.

ದುಡ್ಡೇ ಹಾಕಲ್ಲ ಅನ್ನೋ ಕಾಲೇಜು ಹುಡುಗರಿಗೆ ಬ್ಯಾಟಲ್ ಫಾರ್ ವೆಸ್ನಾತ್ ಇದೆ. ಪೂರ್ತಿ ಉಚಿತ, ಓಪನ್ ಸೋರ್ಸ್, ಯಾವ ಹಳೇ ಕಂಪ್ಯೂಟರ್ ಆದ್ರೂ ಸರಿ, ಇಂಟರ್ನೆಟ್ ಇಲ್ದೇನೂ ಆಡಬಹುದು. ಎಲ್ಫ್, ಆರ್ಕ್ ಎಲ್ಲಾ ಇರೋದ್ರಿಂದ ನಿಜವಾದ ಇತಿಹಾಸ ಅಲ್ಲ, ಆದ್ರೆ ಜಾಗ ನೋಡಿ ನಿಲ್ಲೋದು ಹೇಗೆ ಅಂತ ಇದರಷ್ಟು ಚೆನ್ನಾಗಿ ಯಾವ್ದೂ ಕಲಿಸಲ್ಲ. ಷಟ್ಕೋನದ ಮನೆಗಳು, ಸರದಿ ಆಟ, ಹಗಲು ರಾತ್ರಿ ಬದಲಾಗುತ್ತೆ, ಕೆಲವು ಸೈನಿಕರು ಹಗಲಲ್ಲಿ ಕಾಲು ಭಾಗ ಜಾಸ್ತಿ ಹೊಡೀತಾರೆ, ಕೆಲವರು ರಾತ್ರಿಯಲ್ಲಿ. ಕತ್ತಲಾದಾಗ ಹಿಂದೆ ಸರಿದು ಕೋಟೆಯಲ್ಲಿ ಕೂತು, ಬೆಳಗಾದ್ಮೇಲೆ ನುಗ್ಗೋದು ಕಲಿತ್ರೆ ಅರ್ಧ ಗೆದ್ದಂಗೆ.

ಫೋನಲ್ಲಿ ರೀಲ್ಸ್ ಮಧ್ಯೆ ಬರೋ ರಾಜರ ಗೇಮ್ ಜಾಹೀರಾತು ಇದಾವಲ್ಲ, ಅವುಗಳಿಂದ ದೂರ ಇರಿ ಅಂತಲೇ ನಾನು ಹೇಳೋದು. ತಗೊಳ್ಳೋದು ಫ್ರೀ, ಆದ್ರೆ ಒಂದು ಗೋಡೆ ಏರ್ಸೋಕೆ ಎಂಟು ಗಂಟೆ ಕಾಯ್ಬೇಕು ಅಥವಾ ದುಡ್ಡು ಕೊಡ್ಬೇಕು, ನಿಮ್ಮ ಕೌಶಲ್ಯಕ್ಕೆ ಬೆಲೆ ಇಲ್ಲ, ಯುಪಿಐ ಪಿನ್‌ಗೆ ಬೆಲೆ. ಅಲ್ಲಿ ಹಾಕೋ ದುಡ್ಡಲ್ಲಿ ಒಂದು ಒಳ್ಳೆ ಗೇಮ್ ಬರುತ್ತೆ.

ಹಾಗಾದ್ರೆ ಲೋಕಲ್‌ನಲ್ಲಿ ಹೋಗೋರು ಏನು ಮಾಡ್ಬೇಕು ಅಂದ್ರೆ, ಮೀಡಿವಲ್ 2 ಟೋಟಲ್ ವಾರ್ 2022ರಲ್ಲಿ ಆಂಡ್ರಾಯ್ಡ್ ಮತ್ತೆ ಐಫೋನಿಗೂ ಬಂದಿದೆ, ಒಂದ್ಸಲ ದುಡ್ಡು ಕೊಟ್ಟು ತಗೊಂಡ್ರಾಯ್ತು, ಕಾಯಿಸೋ ಟೈಮರ್ ಇಲ್ಲ. ನಿಮ್ಮ ಫೋನ್ ಅದ್ರ ಪಟ್ಟಿಯಲ್ಲಿದೆಯಾ ಅಂತ ತಗೊಳ್ಳೋ ಮುಂಚೆ ನೋಡ್ಕೊಳ್ಳಿ. ಕಲ್ಯಾಣ ಸ್ಲೋ ಲೋಕಲ್‌ನಲ್ಲಿ ನಿಂತ್ಕೊಂಡು ಮೈದಾನದ ಯುದ್ಧ ಆಡೋದು ಆಗದ ಮಾತು, ಬೆರಳಿಗೆ ಜಾಗ ಸಾಲಲ್ಲ, ಪಕ್ಕದವನ ಮೊಣಕೈ ಬೇರೆ. ಸೀಟ್ ಸಿಕ್ಕಿದ್ರೆ ಮಾತ್ರ ಮೈದಾನಕ್ಕೆ ಇಳೀರಿ, ನಿಂತಿದ್ರೆ ಮ್ಯಾಪ್ ಮೇಲಿನ ಸರದಿ ಅಷ್ಟೇ ಆಡಿ ಯುದ್ಧಾನ ಸೇವ್ ಮಾಡಿಟ್ಟು ಮನೆಗೆ ಬಂದು ಆಡಿ.

ಕಂಪ್ಯೂಟರಿಗೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಳ್ಳೋರು ಒಂದು ನೆನಪಿಡಿ, ತಗೊಂಡು 14 ದಿನದ ಒಳಗೆ, ಆಡಿದ್ದು 2 ಗಂಟೆಗಿಂತ ಕಮ್ಮಿ ಇದ್ರೆ ದುಡ್ಡು ವಾಪಸ್ ಕೇಳಬಹುದು. ಏಜ್ ಆಫ್ ಎಂಪೈರ್ಸ್, ಸ್ಟ್ರಾಂಗ್‌ಹೋಲ್ಡ್ ನಿಮಗೆ ಒಗ್ಗುತ್ತೋ ಇಲ್ವೋ ಅಂತ ಆ ಎರಡು ಗಂಟೇಲಿ ಗೊತ್ತಾಗುತ್ತೆ. ಕ್ರುಸೇಡರ್ ಕಿಂಗ್ಸಲ್ಲಿ ಗೊತ್ತಾಗಲ್ಲ, ಎರಡು ಗಂಟೆ ಟ್ಯುಟೋರಿಯಲ್ ಓದೋದ್ರಲ್ಲೇ ಕಳೆಯುತ್ತೆ, ಅದಕ್ಕೆ ಅದನ್ನ ಮಾತ್ರ ತಗೊಳ್ಳೋ ಮುಂಚೆ ಆಡ್ತಿರೋ ಯಾರ ಪಕ್ಕದಲ್ಲಾದ್ರೂ ಒಂದು ಸಂಜೆ ಕೂತು ನೋಡಿ. ಮತ್ತೆ ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ದು ಬರೀ ಚಾರ್ಜರ್ ಮೇಲೇ ನಡೀತಿದ್ರೆ, ಮಳೆಗಾಲದಲ್ಲಿ ಆಟೋಸೇವ್ ಎಷ್ಟು ಹೊತ್ತಿಗೊಮ್ಮೆ ಆಗುತ್ತೆ ಅಂತ ಸೆಟ್ಟಿಂಗ್ಸಲ್ಲಿ ನೋಡಿ, ಆದಷ್ಟು ಕಮ್ಮಿ ಮಾಡಿಟ್ಕೊಳ್ಳಿ.